ಹಾಲಿನವನಿಗೆ ದುಡ್ಡು ಕೊಟ್ಟವರು ಯಾರು?

ಎರಡು ವರ್ಷಗಳ ಹಿಂದೆ ಇದೇ ಪತ್ರಿಕೆಯಲ್ಲಿ ನನ್ನದೊಂದು ಕಥೆ ಪ್ರಕಟವಾಗಿತ್ತು. ಬೆನ್ನಿನ ಆಪರೇಷನ್ ಮಾಡಿಸಿಕೊಂಡ ಸಾಫ್ಟ್‌ವೇರ್ ಮ್ಯಾನೇಜರನೊಬ್ಬ ಅಹಮದಾಬಾದಿನ ಆಸ್ಪತ್ರೆಯ ಆರನೇ ಮಹಡಿಯಲ್ಲಿ ಮಲಗಿದ್ದಾನೆ. ಕಿಟಕಿಯಾಚೆ ಕಾಣುವ ಸಾಬರಮತಿಯನ್ನು ನೋಡುತ್ತಾ ತೀರ್ಥಹಳ್ಳಿಯ ತುಂಗೆಯನ್ನು ನೆನೆಯುತ್ತಾನೆ. ಅಮ್ಮ, ಅಡಕೆ ತೋಟ, ಆಷಾಢದ ಮಳೆ ಎಲ್ಲವೂ ಇತ್ತು. ಮಲಯಾಳಿ ನರ್ಸ್ ಕೂಡ ಇದ್ದಳು. ಓದಿದವರು ಮೆಚ್ಚಿದರು. ಸೂರತ್ತಿನಿಂದ ಒಬ್ಬರು ಫೋನ್ ಮಾಡಿ ಕಣ್ಣಲ್ಲಿ ನೀರು ಬಂತು ಎಂದರು. ನನಗೂ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ನನ್ನ ಹೆಂಡತಿ ಅದನ್ನು ಓದಿದ್ದು ಒಂದು ವಾರ ತಡವಾಗಿ, ಅಡುಗೆಮನೆಯಲ್ಲಿ ನಿಂತುಕೊಂಡು, ಮೊಬೈಲಿನಲ್ಲಿ. ಓದಿ ಮುಗಿಸಿ, 'ಕಥೆ ಚೆನ್ನಾಗೇ ಇದೆ ಕಣ್ರೀ. ಆದ್ರೆ ಇದ್ರಲ್ಲಿ ಹಾಲಿನವನಿಗೆ ದುಡ್ಡು ಕೊಟ್ಟೋರು ಯಾರು?' ಎಂದಳು.

ಅವಳು ವ್ಯಂಗ್ಯವಾಡಿದ್ದಲ್ಲ. ಅವಳಿಗೆ ನಿಜವಾಗಿಯೂ ಅನುಮಾನ ಬಂದಿತ್ತು. ನಾಲ್ಕು ತಿಂಗಳು ಕೆಲಸಕ್ಕೆ ಹೋಗದ ಮನುಷ್ಯನ ಮನೆಯಲ್ಲಿ ದಿನಾ ಬೆಳಿಗ್ಗೆ ಕಾಫಿಯಾಗುತ್ತದೆ, ಮಗಳು ಶಾಲೆಗೆ ಹೋಗುತ್ತಾಳೆ, ಲೈಟು ಉರಿಯುತ್ತದೆ. ಹೇಗೆ? ಕಥೆಗಾರನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಆ ಪ್ರಶ್ನೆ ಇಟ್ಟುಕೊಂಡು ಈ ಎರಡು ವರ್ಷ ಒಂದಷ್ಟು ಓದಿದೆ. ಮೊದಲು ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು, ಆಮೇಲೆ ನಾನು ಓದಿ ಬೆಳೆದ ಕಾದಂಬರಿಗಳು, ಆಮೇಲೆ ಈ ಗುಜರಾತಿನ ಬಗ್ಗೆ ಇರುವ ಕೆಲವು ಪುಸ್ತಕಗಳು. ನಮ್ಮ ಪತ್ರಿಕೆಯ ಕಥೆಗಳಲ್ಲಿ ಕಾಯಿಲೆ ಬೀಳುವವರಿಗೆ ಕೊರತೆಯಿಲ್ಲ. ಅವರಿಗೆಲ್ಲ ಒಂದೇ ರೋಗ: ಹಾಸಿಗೆ ಹಿಡಿದ ತಕ್ಷಣ ಊರು ನೆನಪಾಗುತ್ತದೆ. ಸಂಬಳ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಬೇರೆಯವರನ್ನು ಹೆಸರು ಹಿಡಿದು ಬೈಯುವ ಹಕ್ಕು ನನಗಿಲ್ಲ. ಆದ್ದರಿಂದ ನನ್ನ ಕಥೆಯನ್ನೇ ಎದುರಿಗಿಟ್ಟುಕೊಳ್ಳುತ್ತೇನೆ.

ನಡೆದದ್ದು ಹೀಗೆ. ಡಿಸ್ಕ್ ಜಾರಿ ಕಾಲು ಮರಗಟ್ಟಿ ಆಪರೇಷನ್ ಆಯಿತು. ಹೊಲಿಗೆ ಹಾಕಿದ ಜಾಗದಲ್ಲಿ ಸೋಂಕಾಗಿ ಮತ್ತೆ ಸೇರಬೇಕಾಯಿತು. ಕಂಪನಿಯ ಗುಂಪು ವಿಮೆ ಆಸ್ಪತ್ರೆಯ ಬಿಲ್ಲನ್ನು ಹೆಚ್ಚುಕಡಿಮೆ ಪೂರ್ತಿ ಕಟ್ಟಿತು. ಅದಕ್ಕೆ ನಾನು ಋಣಿ. ನನ್ನ ಖಾತೆಯಲ್ಲಿ ಕೂಡಿದ್ದ ರಜೆ ಎಲ್ಲಾ ಸೇರಿ 34 ದಿನ. ಮೂವತ್ತೈದನೇ ದಿನದಿಂದ ಪೇ ಸ್ಲಿಪ್ಪಿನಲ್ಲಿ 'ಎಲ್‌ಒಪಿ' ಎಂಬ ಕಾಲಂ ತುಂಬತೊಡಗಿತು. ಲಾಸ್ ಆಫ್ ಪೇ. ನನ್ನ ಟೀಮಿನವರ ರಜೆಗೆ ನಾನೇ ಎಷ್ಟೋ ಸಲ ಆ ಮೂರಕ್ಷರ ಒತ್ತಿದ್ದೇನೆ, ಒಂದು ಕ್ಲಿಕ್‌ನ ಕೆಲಸ.

ಮಧ್ಯಮ ವರ್ಗದ ನಾವು ಮೋಸ ಹೋಗುವುದು ಇಲ್ಲೇ. ವಿಮೆ ಇದೆ, ಇನ್ನೇನು ಭಯ ಎಂದುಕೊಳ್ಳುತ್ತೇವೆ. ವಿಮೆ ಆಸ್ಪತ್ರೆಗೆ ದುಡ್ಡು ಕೊಡುತ್ತದೆ, ಮನೆಗೆ ಕೊಡುವುದಿಲ್ಲ. ಅಪಘಾತದ ಪಾಲಿಸಿಯಿದ್ದರೆ ಕೆಲಸಕ್ಕೆ ಹೋಗದ ವಾರಗಳಿಗೆ ಇಷ್ಟು ಎಂದು ಸಿಗುವುದುಂಟು. ಆದರೆ ಡಿಸ್ಕು ತಾನಾಗಿ ಸವೆದದ್ದು, ಅಪಘಾತವಲ್ಲ. ಗೃಹಸಾಲದ ಕಂತು, ಮೂರು ತಿಂಗಳಿಗೊಮ್ಮೆಯ ಶಾಲೆಯ ಫೀಸು, ಕರೆಂಟು, ಪೈಪಿನ ಗ್ಯಾಸು, ಸೊಸೈಟಿಯ ಮೇಂಟೆನೆನ್ಸ್, ಊರಲ್ಲಿರುವ ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ, ಇವಕ್ಕೆ ನನ್ನ ಬೆನ್ನು ಸರಿಯಿಲ್ಲ ಎಂಬ ಸಮಾಚಾರ ತಲುಪುವುದೇ ಇಲ್ಲ.

ಹೆಂಡತಿ ಒಂದು ಉದ್ದನೆಯ ಕೆಂಪು ರಟ್ಟಿನ ಪುಸ್ತಕ ತಂದಿದ್ದಳು. ಇಲ್ಲಿನ ಅಂಗಡಿಯವರು ದೀಪಾವಳಿಗೆ ಪೂಜೆ ಮಾಡುತ್ತಾರಲ್ಲ, ಆ ಚೋಪಡಾದ ತಮ್ಮನಂಥದ್ದು. ಯಾವುದು ಕಾಯುವುದಿಲ್ಲವೋ ಅದನ್ನು ಮೊದಲು ಬರೆದಿದ್ದಳು. ಮನೆಸಾಲದ ಕಂತು ತಪ್ಪಿದರೆ ದಂಡ, ಮೇಲೆ ಸಿಬಿಲ್ ಅಂಕ ಬೀಳುತ್ತದೆ. ಮುಖ ನೋಡಿ ಕಾಯುವಂಥವು ಅದರ ಕೆಳಗೆ: ಹಾಲಿನವನು, ಕಿರಾಣಿ ಅಂಗಡಿಯ ಕಾಕಾ, ಕೆಲಸದ ಬೆಹೆನ್. ಕಾಕಾ 'ಚಿಂತಾ ನ ಕರೋ' ಎಂದಿದ್ದರಂತೆ. ಆದರೂ ಅವರ ಅಂಗಡಿಯ ಮುಂದೆ ಹೋಗುವಾಗ ನಡಿಗೆ ತಾನಾಗಿ ಬಿರುಸಾಗುತ್ತಿತ್ತು ಎಂದು ಆಮೇಲೆ ಹೇಳಿದಳು. ಕೊನೆಯಲ್ಲಿ, ಬರೆಯದೇ ಬಿಟ್ಟಂಥವು. ಅವಳ ಹಲ್ಲಿನ ಚಿಕಿತ್ಸೆ, ಕನ್ನಡಕ, ತಂಗಿಯ ಮಗನ ಮುಂಜಿಗೆ ಹೋಗುವ ರೈಲು ಟಿಕೆಟು. ಬರೆಯದಿದ್ದರೆ ಅದು ಖರ್ಚಲ್ಲ. ಇಪ್ಪತ್ತು ವರ್ಷದಿಂದ ನಾನು ಆಫೀಸಿನಲ್ಲಿ ಪ್ರಯಾರಿಟಿ ಪಟ್ಟಿ ಮಾಡುತ್ತಿದ್ದೇನೆ, ಇಷ್ಟು ನಿರ್ದಯವಾದದ್ದನ್ನು ಮಾಡಿಲ್ಲ. ಕ್ರೆಡಿಟ್ ಕಾರ್ಡಿನ 'ಮಿನಿಮಮ್ ಡ್ಯೂ' ಎಂಬ ಸಿಹಿ ಮಾತಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ಎಂಬುದನ್ನು ಲೆಕ್ಕ ಹಾಕಿ, ಅದಕ್ಕಿಂತ ಚಿನ್ನದ ಸಾಲ ವಾಸಿ ಎಂದು ತೀರ್ಮಾನಿಸಿದವಳೂ ಅವಳೇ. ನಾಲ್ಕು ಬಳೆಗಳಲ್ಲಿ ಎರಡು ಹೋದವು. ನನಗೆ ಹೇಳಲಿಲ್ಲ. 'ಊದಿಕೊಂಡಿದೆ, ಬಿಗಿಯಾಗತ್ತೆ, ತೆಗೆದಿಟ್ಟಿದೀನಿ' ಎಂದಿದ್ದಳು. ನಾನು ನಂಬಿದ್ದೆ.

ಆ ಬಳೆಗಳು ಬ್ಯಾಂಕಿನ ಕಪಾಟಿನಲ್ಲಿ ಇದ್ದ ದಿನಗಳಲ್ಲೇ ನಾನು ಲ್ಯಾಪ್‌ಟಾಪ್ ಎದೆಯ ಮೇಲಿಟ್ಟುಕೊಂಡು ಆ ಕಥೆ ಬರೆದದ್ದು.

ಕನ್ನಡಕ್ಕೆ ಈ ಲೆಕ್ಕ ಗೊತ್ತಿಲ್ಲವೆಂದು ಹೇಳಿಬಿಡಬಹುದೆಂದು ಮೊದಲು ಅಂದುಕೊಂಡಿದ್ದೆ. ತಪ್ಪು. ಕಾರಂತರ 'ಚೋಮನ ದುಡಿ'ಯನ್ನು (1933) ಪಿಯುಸಿಯಲ್ಲಿ ಓದಿದಾಗ ಅದು ಭೂಮಿಯ ಆಸೆಯ ಕಥೆ, ಜಾತಿಯ ಕಥೆ. ಅದು ಹೌದು ಕೂಡಾ. ಈ ಸಲ ಓದಿದಾಗ ಕಾದಂಬರಿಯ ನಡು ಕೀಲು ಬೇರೆ ಕಡೆ ಕಂಡಿತು. ಕಾಫಿ ತೋಟದ ಸಾಲ ತೀರಿಸಲು ಚೋಮ ಇಬ್ಬರು ಮಕ್ಕಳನ್ನು ಘಟ್ಟಕ್ಕೆ ಕಳಿಸುತ್ತಾನೆ. ಗುರುವ ಅಲ್ಲೇ ಉಳಿದುಬಿಡುತ್ತಾನೆ. ಚನಿಯ ಜ್ವರ ಹೊತ್ತು ಬಂದು ಸಾಯುತ್ತಾನೆ. ಮನುಷ್ಯ ಸತ್ತ, ಸಾಲ ಸಾಯಲಿಲ್ಲ. ಅದು ಎದ್ದು ಮುಂದಿನವರ ಹೆಗಲೇರುತ್ತದೆ, ಮುಂದಿನವಳು ಬೆಳ್ಳಿ. ತೋಟದ ಪುಸ್ತಕದಲ್ಲಿ ಕೊನೆಗೆ ಆ ಸಾಲ ಹೊಡೆದುಹೋದದ್ದಕ್ಕೆ ಬೆಳ್ಳಿ ತೆತ್ತದ್ದೇನು ಎಂಬುದನ್ನು ಕಾರಂತರು ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಜ್ವರ ಬಂದವನು ದುಡಿಯದಿದ್ದರೆ ಆ ದುಡಿಮೆ ಮನೆಯಲ್ಲಿ ಯಾರ ಮೈಮೇಲೆ ಬೀಳುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಖಚಿತವಾದ ಉತ್ತರ ನನಗೆ ಸಿಕ್ಕಿಲ್ಲ. ನಾವು ಪಾಠ ಹೇಳುವಾಗ ದುಡಿಯ ಸದ್ದಿನ ಬಗ್ಗೆ ಪುಟಗಟ್ಟಲೆ ಮಾತಾಡುತ್ತೇವೆ, ಸಾಲದ ಪುಸ್ತಕದ ಬಗ್ಗೆ ಒಂದು ಸಾಲು.

'ಸಂಸ್ಕಾರ'ದಲ್ಲೂ (1965) ಹಾಗೇ ಒಂದು ಸಂಗತಿಯನ್ನು ನಾವು ದಾಟಿಕೊಂಡು ಹೋಗಿದ್ದೇವೆ. ಶಿವಮೊಗ್ಗದಿಂದ ಜ್ವರ ತಂದ ನಾರಣಪ್ಪ ಸತ್ತಿದ್ದಾನೆ, ಹೆಣ ಯಾರು ಸುಡಬೇಕು ಎಂಬ ಜಿಜ್ಞಾಸೆ ನಡೆದಿದೆ. ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನೆಲ್ಲ ತೆಗೆದು ಪ್ರಾಣೇಶಾಚಾರ್ಯರ ಮುಂದಿಡುತ್ತಾಳೆ, ಖರ್ಚಿಗೆ ಎಂದು. ವಿಮರ್ಶಕರು ಆ ಚಿನ್ನವನ್ನು ಅಗ್ರಹಾರದ ದುರಾಸೆಯ ಕನ್ನಡಿಯಾಗಿ ಓದುತ್ತಾರೆ. ಚಿನ್ನ ಕಂಡ ಬ್ರಾಹ್ಮಣರ ಮಾತು ತಿರುಗುವುದನ್ನು ನೋಡಿ ನಗುತ್ತೇವೆ. ಸರಿಯೇ. ಆದರೆ ಚಂದ್ರಿಯ ಕಡೆಯಿಂದ? ಮದುವೆಯಿಲ್ಲ, ಆಸ್ತಿಯಲ್ಲಿ ಪಾಲಿಲ್ಲ, ನಾಳೆ ಯಾವ ಊರೋ ಗೊತ್ತಿಲ್ಲ. ಆ ಚಿನ್ನ ಅವಳ ಪ್ರಾವಿಡೆಂಟ್ ಫಂಡ್. ಅವಳು ಆ ಕ್ಷಣದಲ್ಲಿ ಮಾಡಿದ ಲೆಕ್ಕವನ್ನು ಕಾದಂಬರಿ ನಮಗೆ ತೋರಿಸುವುದಿಲ್ಲ. ಅನಂತಮೂರ್ತಿಯವರಿಗೆ ಆಚಾರ್ಯರ ಮನಸ್ಸು ಮುಖ್ಯ. ಆಚಾರ್ಯರು ವರ್ಷಗಟ್ಟಲೆ ಹಾಸಿಗೆ ಹಿಡಿದ ಹೆಂಡತಿ ಭಾಗೀರಥಿಯ ಸೇವೆ ಮಾಡುತ್ತಾರೆ. ಆ ಸೇವೆ ಒಂದು ತಪಸ್ಸಾಗಿ ಕಾಣುತ್ತದೆ, ಸಂಸಾರದ ಖರ್ಚಾಗಿ ಅಲ್ಲ. ಬಳೆಯ ಸಂಗತಿ ತಿಳಿಯುವ ಮೊದಲು ನನಗೂ ಇದು ಹೊಳೆದಿರಲಿಲ್ಲ, ಆದ್ದರಿಂದ ಹಿರಿಯರ ಮೇಲೆ ಗೂಬೆ ಕೂರಿಸುತ್ತಿಲ್ಲ.

ದೂರ್ವಾಸಪುರದ ಅಗ್ರಹಾರದಲ್ಲಿ ಇಲಿ ಬಿದ್ದಾಗ ಎದ್ದದ್ದು ಶಾಸ್ತ್ರದ ಪ್ರಶ್ನೆ. ಅದೇ ರೋಗ ನಾನಿರುವ ಈ ಊರಿಗೆ 1917ರಲ್ಲಿ ಬಂದಿತ್ತು, ಇಲ್ಲಿ ಎದ್ದದ್ದು ಕೂಲಿಯ ಪ್ರಶ್ನೆ. ಅಹಮದಾಬಾದಿನ ಗಿರಣಿ ಕಾರ್ಮಿಕರು ಪ್ಲೇಗಿಗೆ ಹೆದರಿ ಊರು ಬಿಟ್ಟರೆ ಮಗ್ಗ ನಿಲ್ಲುತ್ತದೆಂದು ಮಾಲೀಕರು ಪ್ಲೇಗ್ ಬೋನಸ್ ಕೊಟ್ಟರು. ಕೆಲವರಿಗೆ ಅದು ಕೂಲಿಯ ಶೇ 70-80ರಷ್ಟಿತ್ತು. ರೋಗದ ಭಯಕ್ಕೆ ಕಟ್ಟಿದ ಬೆಲೆ ಅದು. ಪ್ಲೇಗು ಇಳಿಯಿತು, ಯುದ್ಧಕಾಲದ ಬೆಲೆಗಳು ಇಳಿಯಲಿಲ್ಲ. 1918ರ ಆರಂಭದಲ್ಲಿ ಬೋನಸ್ ನಿಲ್ಲಿಸುತ್ತೇವೆಂದರು. ಅಲ್ಲಿಂದ ಮುಂದಿನದು ಪಠ್ಯಪುಸ್ತಕದಲ್ಲಿದೆ: ಅಂಬಾಲಾಲ್ ಸಾರಾಭಾಯಿ ಮಾಲೀಕರ ಕಡೆ, ಅವರ ಅಕ್ಕ ಅನಸೂಯಾ ಬೆಹೆನ್ ಕಾರ್ಮಿಕರ ಕಡೆ, ಫೆಬ್ರವರಿ 22ರಂದು ಲಾಕೌಟ್, ಶೇ 35ರ ಬೇಡಿಕೆ, ಗಾಂಧೀಜಿಯ ಉಪವಾಸ.

ಪಠ್ಯಪುಸ್ತಕದಲ್ಲಿ ಇಲ್ಲದ್ದು ಮಹಾದೇವ ದೇಸಾಯಿಯವರ 'ಏಕ್ ಧರ್ಮಯುದ್ಧ'ದಲ್ಲಿದೆ. ಗುಜರಾತಿಯಲ್ಲಿರುವ ಚಿಕ್ಕ ಪುಸ್ತಕ. ನನ್ನ ಗುಜರಾತಿ ತರಕಾರಿ ಮಾರ್ಕೆಟ್ಟಿನದಾದರೂ ಇಂಗ್ಲಿಷ್ ಅನುವಾದ ಪಕ್ಕದಲ್ಲಿಟ್ಟುಕೊಂಡು ಓದಬಹುದು. ಆ ದಿನಗಳಲ್ಲಿ ದಿನಾ ಒಂದು ಪತ್ರಿಕೆ ಅಚ್ಚಾಗಿ ಕಾರ್ಮಿಕರ ಕೈಸೇರುತ್ತಿತ್ತು. ಕೆಲಸವಿಲ್ಲದ ದಿನಗಳನ್ನು ಕಳೆಯುವುದು ಹೇಗೆ ಎಂಬುದೂ ಅವುಗಳಲ್ಲಿ ಇತ್ತು: ಮನೆ ರಿಪೇರಿ ಮಾಡಿ, ಅಂಗಳ ಸರಿಮಾಡಿ, ಬೇರೆ ಕಸುಬು ಕಲಿಯಿರಿ, ಕೂತು ಜೂಜಾಡಬೇಡಿ. ಧರ್ಮಯುದ್ಧದ ಹೆಸರಿನ ಪುಸ್ತಕದಲ್ಲಿ ಇಷ್ಟೊಂದು ದಿನಸಿಯ ಯೋಚನೆ ನೋಡಿ ಆಶ್ಚರ್ಯವಾಯಿತು. ಆಶ್ರಮದಲ್ಲಿ ನೇಯ್ಗೆ ಶಾಲೆಯ ಅಡಿಪಾಯಕ್ಕೆ ಮರಳು ಹೊರುವ ಕೆಲಸ ಕೊಟ್ಟು ಒಂದಷ್ಟು ಜನರ ಹೊಟ್ಟೆ ನೋಡಿಕೊಂಡರು, ಅನಸೂಯಾ ಬೆಹೆನ್ ತಾವೇ ತಲೆಯ ಮೇಲೆ ಬುಟ್ಟಿ ಹೊತ್ತರು.

ಆ ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಚಾಳಿನ ಜನರ ಮಾತು. ಅವರನ್ನು ಬೆಳಗಿನ ಸಭೆಗೆ ಕರೆಯಲು ಹೋದಾಗ ಅವರು ಸಿಟ್ಟಿನಿಂದ ಹೇಳಿದ್ದರ ಸಾರ ಇಷ್ಟು: ಗಾಂಧೀಜಿಗೂ ಅನಸೂಯಾ ಬೆಹೆನ್‌ಗೂ ಏನು, ಮೋಟಾರಿನಲ್ಲಿ ಬರುತ್ತಾರೆ, ಹೋಗುತ್ತಾರೆ, ಹೊಟ್ಟೆ ತುಂಬಾ ಉಣ್ಣುತ್ತಾರೆ, ಸಾಯುತ್ತಿರುವವರು ನಾವು. ಮಾರ್ಚ್ 15ರಂದು ಶುರುವಾಗಿ ಮೂರು ದಿನ ನಡೆದ ಉಪವಾಸಕ್ಕೆ ಈ ಮಾತೇ ಕಿಡಿ. ಎಲ್ಲರೂ ಉಪವಾಸವನ್ನು ನೆನಪಿಟ್ಟುಕೊಂಡರು. ದೇಸಾಯಿಯವರು ಆ ಕಟು ಮಾತನ್ನೂ ಬರೆದಿಟ್ಟರು, ತಮ್ಮ ಗುರುವಿಗೆ ವಿರುದ್ಧವಾಗಿದ್ದರೂ ಅಳಿಸಲಿಲ್ಲ. ಬರಹಗಾರನಾಗಿ ಅವರು ದೊಡ್ಡವರೆನಿಸಿದ್ದು ನನಗೆ ಅಲ್ಲಿ. ಖಾಲಿ ಡಬ್ಬಿಯ ಮುಂದೆ ನಿಂತ ಮನುಷ್ಯ ನೈತಿಕ ಹೋರಾಟದ ಬಗ್ಗೆ ಹೇಳಬಹುದಾದ ಮಾತು ಆ ಪುಸ್ತಕದಲ್ಲಿ ಒಂದು ಸ್ಥಾನ ಪಡೆದಿದೆ. ನನ್ನ ಕಥೆಯಲ್ಲಿ ನನ್ನ ಹೆಂಡತಿಗೆ ಅಂಥ ಒಂದು ಮಾತೂ ಇರಲಿಲ್ಲ. ಅವಳು ಮೂರು ಸಲ ಬರುತ್ತಾಳೆ. ಒಮ್ಮೆ ಗಂಜಿ ತರುತ್ತಾಳೆ, ಒಮ್ಮೆ ದಿಂಬು ಸರಿಮಾಡುತ್ತಾಳೆ, ಒಮ್ಮೆ ಕಿಟಕಿಯ ಪರದೆ ಎಳೆಯುತ್ತಾಳೆ.

ಸೂರತ್ತಿಗೆ ಪ್ಲೇಗು ಬಂದದ್ದು 1994ರ ಸೆಪ್ಟೆಂಬರಿನಲ್ಲಿ. ನಾನು ಆಗ ಹೈಸ್ಕೂಲು, ಪೇಪರಿನಲ್ಲಿ ಓದಿದ್ದು. ಈ ಸಲ ಊರು ಬಿಡಬೇಡಿ ಎಂದು ಬೋನಸ್ ಕೊಡುವವರಿರಲಿಲ್ಲ. ಮಗ್ಗದವರು, ವಜ್ರ ಉಜ್ಜುವವರು, ಹೊರಗಿನಿಂದ ಬಂದ ಕೂಲಿಯವರು ಲಕ್ಷಗಟ್ಟಲೆಯಲ್ಲಿ ರೈಲು, ಬಸ್ಸು ಹಿಡಿದರು. ರೋಗದ ಭಯ ಎಂದು ಪತ್ರಿಕೆಗಳು ಬರೆದವು. ಕೆಲಸ ನಿಂತ ಮೇಲೆ ಬಾಡಿಗೆ ಕೋಣೆಯಲ್ಲಿ ಕೂತು ಉಣ್ಣುವುದೇನನ್ನು ಎಂಬ ಭಯವೂ ಇದ್ದಿರಲೇಬೇಕು. 2020ರ ಏಪ್ರಿಲಿನಲ್ಲಿ ಅದೇ ಊರಿನ ಒಡಿಯಾ ಮಗ್ಗದ ಕಾರ್ಮಿಕರು ಲಾಕ್‌ಡೌನ್ ಮುರಿದು ಬೀದಿಗೆ ಬಂದು ಕೇಳಿದ್ದೂ ಇವೆರಡನ್ನೇ: ಬಾಕಿ ಕೂಲಿ, ಊರಿಗೆ ದಾರಿ. ಸೂರತ್ ಪ್ಲೇಗಿನ ನಂತರ ಸ್ವಚ್ಛವಾದ ಕಥೆ ಎಲ್ಲರಿಗೂ ಗೊತ್ತು. ಮುನಿಸಿಪಲ್ ಕಮಿಷನರ್ ಎಸ್.ಆರ್. ರಾವ್ ಅವರ ಹೆಸರು ಈಗಲೂ ಹೇಳುತ್ತಾರೆ. ಊರು ಸ್ವಚ್ಛ ಮಾಡುವುದು ಸಾಧ್ಯವಾಯಿತು, ರಜೆಯ ದಿನದ ಕೂಲಿ ಮಾತ್ರ ಯಾರ ಜವಾಬ್ದಾರಿಯೂ ಆಗಲಿಲ್ಲ.

ಯಾರದೂ ಅಲ್ಲ ಎಂದರೆ ಪೂರ್ತಿ ಸರಿಯಲ್ಲ. 1948ರ ಕಾಯ್ದೆಯಿಂದ ಹುಟ್ಟಿದ ಇಎಸ್‌ಐ ಯೋಜನೆ ಇದೆ. ಕಾಯಿಲೆಯಿಂದ ಕೆಲಸಕ್ಕೆ ಹೋಗದ ನೌಕರನಿಗೆ ಕೂಲಿಯ ಶೇ 70, ವರ್ಷಕ್ಕೆ 91 ದಿನಗಳವರೆಗೆ. ಕ್ಷಯ, ಕ್ಯಾನ್ಸರಿನಂಥ ದೀರ್ಘ ರೋಗಗಳಿಗೆ ಇನ್ನೂ ಹೆಚ್ಚು ಕಾಲ, ಶೇ 80. ಚಿಕಿತ್ಸೆಯ ಖರ್ಚಲ್ಲ, ಮನೆಗೆ ಬರುವ ನಗದು. ಆದರೆ ತಿಂಗಳ ಸಂಬಳ 21,000 ರೂಪಾಯಿ ದಾಟಿದವರಿಗೆ ಇಲ್ಲ. ನಮ್ಮ ಆಫೀಸಿನ ಗೇಟಿನಲ್ಲಿರುವ ಸೆಕ್ಯುರಿಟಿಯವನ ಜೇಬಿನಲ್ಲಿ ಆ ಕಾರ್ಡಿದೆ, ನನ್ನ ಜೇಬಿನಲ್ಲಿಲ್ಲ. ಕಾಯಿಲೆ ಬಿದ್ದಾಗ ಬಾಪುನಗರದ ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ಅವನು ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಬೇರೆ ಮಾತು. ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಕಾರ್ಮಿಕರು ಕಳೆದುಕೊಂಡದ್ದರಲ್ಲಿ ಈ ಕಾರ್ಡೂ ಒಂದು. ಯಾನ್ ಬ್ರೆಮನ್ ಮತ್ತು ಛಾಯಾಗ್ರಾಹಕ ಪಾರ್ಥಿವ್ ಶಾ ಸೇರಿ ಮಾಡಿದ 'ವರ್ಕಿಂಗ್ ಇನ್ ದ ಮಿಲ್ ನೋ ಮೋರ್' (2004) ಎಂಬ ಪುಸ್ತಕದ ಚಿತ್ರಗಳನ್ನು ನೋಡಿದರೆ ಗಿರಣಿಯ ಕೆಲಸ ಎಂದರೆ ಸಂಬಳ ಮಾತ್ರವಲ್ಲ, ಕಾಯಿಲೆ ಬೀಳುವ ಹಕ್ಕೂ ಆಗಿತ್ತು ಎನ್ನಿಸುತ್ತದೆ.

ಕಾರ್ಡೇ ಇಲ್ಲದವರ ಬಗ್ಗೆ ಇಲಾ ಭಟ್ ಬರೆದರು. 1972ರಲ್ಲಿ ಇದೇ ಊರಿನಲ್ಲಿ ಸೇವಾ ಸಂಸ್ಥೆ ಕಟ್ಟಿದವರು. ಎರಡು ವರ್ಷದ ನಂತರ ಚಿಂದಿ ಹೊಲಿಯುವ, ಬೀಡಿ ಸುತ್ತುವ, ತರಕಾರಿ ಮಾರುವ ಹೆಂಗಸರು ತಲೆಗೆ ಹತ್ತು ರೂಪಾಯಿ ಹಾಕಿ ಬ್ಯಾಂಕ್ ಮಾಡಿದರು. ಸಾಲ ತೀರಿಸದವರ ಮನೆಗೆ ಹೋಗಿ ಯಾಕೆಂದು ಕೇಳಿದಾಗ ಸಿಕ್ಕ ಉತ್ತರ ಸೋಮಾರಿತನವಲ್ಲ, ಕಾಯಿಲೆ ಮತ್ತು ಹೆರಿಗೆ. ಅದನ್ನು ಕೇಳಿಸಿಕೊಂಡ ದಾರಿಯಲ್ಲೇ ಅವರ ವಿಮೆ ಹುಟ್ಟಿತು, 1992ರ ವಿಮೊ ಸೇವಾ. ಬ್ಯಾಂಕೊಂದು ತನ್ನ ಬಾಕಿದಾರರ ಪಟ್ಟಿಯನ್ನು ಹೀಗೆ ಓದಬಲ್ಲದಾದರೆ ನಾವು ಕಾದಂಬರಿಯನ್ನು ಹೀಗೆ ಓದಲು ಯಾಕೆ ಆಗುವುದಿಲ್ಲ? ಇಲಾಬೆಹೆನ್ ಅವರ 'ವಿ ಆರ್ ಪೂರ್ ಬಟ್ ಸೋ ಮೆನಿ' ಪುಸ್ತಕವನ್ನು ನಾನು ಆರ್ಥಿಕತೆಯ ಪುಸ್ತಕವೆಂದು ಕೊಂಡೆ, ಗದ್ಯವೆಂದು ಓದಿ ಮುಗಿಸಿದೆ. ಒಬ್ಬಳ ಒಂದು ದಿನದ ಗಳಿಕೆ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಅವರು ಹೇಳುವಾಗ ಒಂದು ಇಡೀ ಬಾಳು ಕಾಣುತ್ತದೆ.

ಇಲ್ಲಿಗೆ ಬಂದಾಗ ನಮ್ಮ ಪತ್ರಿಕೆಯ ಬಳಗದ ವಡೋದರಾದ ಗೆಳೆಯರೊಬ್ಬರು ತಕರಾರು ತೆಗೆದರು. ಅವರು ಕವಿಗಳು. 'ಸಾಹಿತ್ಯವೇನು ಎಕ್ಸೆಲ್ ಶೀಟಾ? ಕರೆಂಟ್ ಬಿಲ್ ಹಾಕಿದ ಮಾತ್ರಕ್ಕೆ ಕಥೆ ನಿಜವಾಗತ್ತಾ?' ಎಂದರು. ಮಾತು ಸರಿ. ಬಿಲ್ಲುಗಳನ್ನು ಪೋಣಿಸಿದ ಕೆಟ್ಟ ಕಥೆಗಳೂ ಎಷ್ಟೋ ಇವೆ. ಎಂಬತ್ತರ ದಶಕದಲ್ಲಿ ರೇಷನ್ ಕಾರ್ಡಿಲ್ಲದ ಕಥೆಯೇ ಇರಲಿಲ್ಲ. ನಾನು ಕೇಳುತ್ತಿರುವುದು ವಾಸ್ತವದ ಅಲಂಕಾರವನ್ನಲ್ಲ. ಮನೆಖರ್ಚಿನ ಲೆಕ್ಕ ಯಾರಿಗೆ ಗೊತ್ತು, ಯಾರಿಂದ ಮುಚ್ಚಿಡಲಾಗಿದೆ ಎಂಬುದು ಒಂದು ಸಂಸಾರದ ಒಳಗಿನ ಕಥಾವಸ್ತು. ಅದನ್ನು ಬಿಟ್ಟರೆ ಕಥೆಗಾರ ತನ್ನ ಕಥೆಯ ಕಥಾವಸ್ತುವನ್ನೇ ಬಿಟ್ಟಂತೆ.

ಇದನ್ನು ನಮ್ಮ ಕಾಲದಲ್ಲಿ ಚೆನ್ನಾಗಿ ಬಲ್ಲ ಕೃತಿ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಅಪ್ಪ ಚಹಾ ಪುಡಿಯ ಕಂಪನಿಯಲ್ಲಿ ಸೇಲ್ಸ್‌ಮನ್. ಒಂದು ರಾತ್ರಿ ಅವನ ದಿನದ ಲೆಕ್ಕ ಕೂಡುವುದಿಲ್ಲ. ಇಡೀ ಮನೆ ಆ ಲೆಕ್ಕದ ಸುತ್ತ ಉಸಿರು ಬಿಗಿಹಿಡಿದು ಕೂರುತ್ತದೆ. ಕಾದಂಬರಿಯ ಉತ್ತಮ ಭಾಗ ಅದು. ಆ ಬಡ ಮನೆಯಲ್ಲಿ ಲೆಕ್ಕ ಎಲ್ಲರ ಸೊತ್ತು, ಕೊರತೆಯ ಮೊತ್ತ ಮಕ್ಕಳಿಗೂ ಗೊತ್ತು. ಮುಂದೆ ಚಿಕ್ಕಪ್ಪನ ಸೋನಾ ಮಸಾಲಾ ಹಣ ಸುರಿಸುತ್ತದೆ. ನಿರೂಪಕನಿಗೆ ಕೆಲಸವಿಲ್ಲದೆಯೇ ತಿಂಗಳ ಹಣ ಖಾತೆಗೆ ಬಂದು ಬೀಳುತ್ತದೆ. ಆಗ ಲೆಕ್ಕ ಕತ್ತಲಾಗುತ್ತದೆ. ಹೆಂಡತಿ ಅನಿತಾ ಬೆಳಕು ಹಾಕಹೊರಟಾಗ ಮನೆಯವರಿಗೆಲ್ಲ ಅವಳು ಶತ್ರು. ಲೆಕ್ಕ ಕೇಳುವುದೇ ಆ ಮನೆಯಲ್ಲಿ ಅಪರಾಧ. ಹಿಂದೆ ಇದನ್ನು ಹೊಸ ಶ್ರೀಮಂತಿಕೆಯ ವಿಡಂಬನೆ ಎಂದಷ್ಟೇ ಓದಿದ್ದೆ. ಈಗ ನೋಡಿದರೆ ಆ ನಿರೂಪಕನೂ ನಾನೂ ಅಣ್ಣತಮ್ಮಂದಿರು. ಅವನು ಆರೋಗ್ಯವಂತನಾಗಿ ಕೂತು ಉಣ್ಣುತ್ತಾನೆ, ನಾನು ಮಲಗಿ ಉಂಡೆ. ಇಬ್ಬರಿಗೂ ದುಡ್ಡು ಎಲ್ಲಿಂದ ಬರುತ್ತದೆಂದು ಕೇಳದಿರುವುದೇ ಸುಖ.

ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪ ನಮ್ಮ ವಲಸೆಗಾರ ಕಥೆಗಳಿಗೆಲ್ಲ ದೊಡ್ಡಣ್ಣ. ಮುಂಬಯಿ, ದೊಡ್ಡ ಕಂಪನಿ, ದಿಢೀರನೆ ಕೆಲಸದಿಂದ ದೂರ ಇಡುವ ಪತ್ರ. ಆಫೀಸಿನ ಹಗೆತನವನ್ನು ಅಷ್ಟು ಒಳಗಿಳಿದು ಬರೆದವರು ಇನ್ನೊಬ್ಬರಿಲ್ಲ. ಆದರೆ ನಾಗಪ್ಪ ಒಂಟಿ. ಅವನ ಭೀತಿಯೆಲ್ಲ ತನ್ನ ಅಸ್ತಿತ್ವದ್ದು. ಫೀಸು ಕಟ್ಟಬೇಕಾದ ಮಗಳಿದ್ದಿದ್ದರೆ ಆ ಕಾದಂಬರಿ ಅಷ್ಟು ಹೊತ್ತು ಮನಸ್ಸಿನೊಳಗೇ ಇರಲು ಆಗುತ್ತಿರಲಿಲ್ಲ. ಚಿತ್ತಾಲರು ಅದನ್ನು ಬಲ್ಲವರು, ಬೇಕೆಂದೇ ಅವನನ್ನು ಒಂಟಿಯಾಗಿಟ್ಟರು ಎಂದು ನನ್ನ ಊಹೆ. ನಾವು ಹಿಂದೆ ಬಂದವರು ಮಾಡಿದ ಎಡವಟ್ಟು ಬೇರೆ. ಹೆಂಡತಿ ಮಕ್ಕಳಿರುವ ಮನುಷ್ಯನನ್ನು ತಂದು ಅವನಿಗೆ ನಾಗಪ್ಪನ ಮನಸ್ಸು ಕೊಟ್ಟೆವು. ಅವನು ಒಂಟಿಯಂತೆ ನೆನಪಿಸಿಕೊಳ್ಳುತ್ತಾನೆ, ಗೃಹಸ್ಥನಂತೆ ಗಂಜಿ ಕುಡಿಯುತ್ತಾನೆ.

ಮುಂಬಯಿಯ ಕನ್ನಡದಲ್ಲಿ ಸಂಬಳದ ಜಗತ್ತು ಇತ್ತು ಎಂಬುದನ್ನು ಮರೆಯಬಾರದು. ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾರ್ಮಿಕ ಸಂಘದ ಕಾದಂಬರಿ, 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಈಗಿನ ನಮ್ಮ ಪೀಳಿಗೆ ಅದನ್ನು ಓದಿದ್ದು ಕಡಿಮೆ. ನಮಗೆ ಸಂಘವಿಲ್ಲ, ಎಚ್‌ಆರ್ ಇದೆ. ಕಾಯಿಲೆ ಬಿದ್ದವನಿಗೆ ಹೂಗುಚ್ಛ ಬರುತ್ತದೆ, ಜತೆಗೆ 'ಟೇಕ್ ಕೇರ್' ಎಂಬ ಕಾರ್ಡು. ನಾನೂ ಕಳಿಸಿದ್ದೇನೆ.

ಅಹಮದಾಬಾದ್, ವಡೋದರಾ, ಸೂರತ್ತಿನಲ್ಲಿ ಕೂತು ಬರೆಯುವ ನಮಗೆ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಂಡಿಲ್ಲ. ಇಲ್ಲಿ ಲೆಕ್ಕ ನಾಚಿಕೆಯ ವಿಷಯವಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ದುಡ್ಡಿನ ಮಾತು ಬಂದರೆ ಗಂಡಸರು ಜಗಲಿಗೆ ಎದ್ದು ಹೋಗುತ್ತಿದ್ದರು. ಇಲ್ಲಿ ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚುತ್ತಾರೆ. ಪಕ್ಕದ ಮನೆಯ ಭಾಯಿ ನನ್ನನ್ನು ನೋಡಲು ಬಂದವರು ಬೆನ್ನು ಹೇಗಿದೆ ಎಂದು ಕೇಳಿದ ಎರಡನೇ ವಾಕ್ಯದಲ್ಲೇ 'ಪಗಾರ್ ಚಾಲು ಛೇ?' ಎಂದರು. ಸಂಬಳ ಬರ್ತಾ ಇದೆಯಾ? ನನಗೆ ಆಗ ಮೈ ಉರಿದಿತ್ತು. ಎಂಥಾ ಒರಟ, ದುಡ್ಡಿನ ಜಾತಿ ಎಂದುಕೊಂಡೆ. ಆ ಸಾಲನ್ನು ಕಥೆಯಲ್ಲಿ ಒಂದು ತಮಾಷೆಯಾಗಿ ಹಾಕಿದೆ ಕೂಡಾ, ಓದಿದವರು ನಕ್ಕರು. ನಾಲ್ಕು ತಿಂಗಳಲ್ಲಿ ನನ್ನ ಮನೆಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ ಒಬ್ಬನೇ ಸಂದರ್ಶಕ ಅವರು. ಆಮೇಲೆ ತಿಳಿಯಿತು, ಆ ದಿನ ಸಂಜೆ ಅವರ ಹೆಂಡತಿ ಬಂದು ಶಾಲೆಯ ಫೀಸಿಗೆ ಬೇಕೇ ಎಂದು ಕೇಳಿದ್ದರಂತೆ. ಇವಳು ಬೇಡವೆಂದಿದ್ದಳು. ಕಾರಣ ನಾನು. ನನಗೆ ತಿಳಿದರೆ ಬೇಸರವಾಗುತ್ತದೆಂದು.

ಕಥೆಯನ್ನು ಮತ್ತೆ ಬರೆಯಲು ಕೂತೆ. ತುಂಗೆಯನ್ನು ಪೂರ್ತಿ ತೆಗೆಯಲಿಲ್ಲ, ನೆನಪು ಬಂದದ್ದು ಸುಳ್ಳಲ್ಲ. ನಿರೂಪಕನನ್ನು ಬದಲಾಯಿಸಿ ಹೆಂಡತಿಯ ಕಡೆಯಿಂದ ಹೇಳಿಸಲು ನೋಡಿದೆ. ಮೂರು ಪುಟ ದಾಟಲಿಲ್ಲ. ಅವಳು ಯಾವ ದಿನ ಯಾವ ಬಿಲ್ಲಿನ ಮುಂದೆ ಎಷ್ಟು ಹೊತ್ತು ಕೂತಿದ್ದಳು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದಂತೆ ಬರೆದರೆ ಅದು ಇನ್ನೊಂದು ಗಂಜಿ, ಇನ್ನೊಂದು ದಿಂಬು.

ಆ ಕೆಂಪು ಪುಸ್ತಕ ಒಂದಿಷ್ಟು ದಿನ ಕೊಡು, ನೋಡಿ ಬರೆಯುತ್ತೇನೆ ಎಂದು ಕಳೆದ ತಿಂಗಳು ಕೇಳಿದೆ. 'ಅಕ್ಕನ ಬಾಕಿ ಇನ್ನ ಒಂದು ಪುಟ ಇದೆ. ಅದು ತೀರಲಿ, ಆಮೇಲೆ ಕೊಡ್ತೀನಿ' ಎಂದಳು.

ಅಕ್ಕನ ಬಾಕಿ ಎಂಬುದೊಂದು ಇದೆ ಎಂದು ನನಗೆ ತಿಳಿದದ್ದು ಆಗ.